ಮೊದಲ ಬಂಡವಾಳದ ದಾರಿ: ಗಡಿನಾಡಿನಿಂದ ಕಂಡ ನವೋದ್ಯಮ ಹೂಡಿಕೆಯ ಚರಿತ್ರೆ

ಹೊಸದಾಗಿ ಹುಟ್ಟುವ ಉದ್ದಿಮೆಗೆ ಹಣ ಒದಗಿಸುವ ಕೆಲಸವು ನಡೆಯುತ್ತಿರುವ ಉದ್ದಿಮೆಗೆ ಸಾಲ ಕೊಡುವ ಕೆಲಸಕ್ಕಿಂತ ಮೂಲದಲ್ಲಿಯೇ ಭಿನ್ನವಾದುದು. ನಡೆಯುತ್ತಿರುವ ಉದ್ದಿಮೆಗೆ ಹಿಂದಿನ ವರ್ಷಗಳ ಲೆಕ್ಕಪತ್ರಗಳಿರುತ್ತವೆ, ಅಡವಿಡಲು ಕಟ್ಟಡ ಮತ್ತು ಯಂತ್ರಗಳಿರುತ್ತವೆ, ವಾಡಿಕೆಯ ಗಿರಾಕಿಗಳಿರುತ್ತಾರೆ. ಹೊಸ ಉದ್ದಿಮೆಗೆ ಇರುವುದು ಒಂದು ಯೋಜನೆ ಮತ್ತು ಅದನ್ನು ನಂಬಿದ ಕೆಲವೇ ಮಂದಿ. ಆದ್ದರಿಂದ ಮೊದಲ ಬಂಡವಾಳದ ಚರಿತ್ರೆಯನ್ನು ಬರೆಯುವವರು ಹಣದ ಮೊತ್ತಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಉದ್ದಿಮೆ ಮುಳುಗಿದರೆ ಆ ನಷ್ಟವನ್ನು ಹೊರಲು ಒಪ್ಪಿಕೊಂಡವರು ಯಾರು ಎಂಬುದು. ಈ ಪ್ರಶ್ನೆಗೆ ದಕ್ಷಿಣ ಭಾರತದಲ್ಲಿ ಕಳೆದ ಶತಮಾನದುದ್ದಕ್ಕೂ ಬೇರೆಬೇರೆ ಉತ್ತರಗಳು ದೊರೆತಿವೆ; ಆ ಉತ್ತರಗಳನ್ನು ಅವು ಹುಟ್ಟಿದ ನಗರಗಳಿಂದ ನೋಡುವುದಕ್ಕಿಂತ ಅವು ತಲುಪಬೇಕಾಗಿದ್ದ ಊರುಗಳಿಂದ ನೋಡಿದರೆ ಅವುಗಳ ಬಲವೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಅಂಥ ಊರುಗಳಲ್ಲಿ ಗುಮ್ಮಘಟ್ಟ ಒಂದು. ವೇದಾವತಿ ನದಿಗೆ ಕಟ್ಟಿದ ಭೈರವಾನಿತಿಪ್ಪ ಜಲಾಶಯವಿರುವ ಈ ಮಂಡಲವು ಇಂದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿದ್ದರೂ, ಅದರ ಮಾತೃಸ್ಥಾನವಾದ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಈ ಪ್ರದೇಶವೂ ಸೇರಿದ್ದು, ಅಲ್ಲಿಂದ ಮುಂದೆ ಒಂದೂವರೆ ಶತಮಾನ ಅದು ಮದ್ರಾಸ್ ಸರ್ಕಾರದ ಆಡಳಿತದಲ್ಲಿತ್ತು. ಗಡಿಯಾಚೆಗೆ ಇದ್ದುದು ಮೈಸೂರು ಸಂಸ್ಥಾನದ ಚಿತ್ರದುರ್ಗದ ಸೀಮೆ. ದಕ್ಷಿಣದ ಮಡಕಶಿರಾ ತಾಲ್ಲೂಕಂತೂ ಮೂರು ದಿಕ್ಕಿನಲ್ಲಿ ಮೈಸೂರಿನ ನೆಲವನ್ನೇ ಮಗ್ಗುಲಾಗಿಸಿಕೊಂಡಿತ್ತು. ಹೊಸ ಉದ್ದಿಮೆಗಳಿಗೆ ರಾಜ್ಯವು ಹೇಗೆ ನೆರವಾಗಬೇಕು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ವಿಭಿನ್ನ ಉತ್ತರಗಳನ್ನು ಕೊಟ್ಟ ಎರಡು ಸರ್ಕಾರಗಳ ನಡುವಣ ಗೆರೆ ಹೀಗೆ ಕನ್ನಡ ಮಾತನಾಡುವ ಈ ಹಳ್ಳಿಗಳ ಅಂಚಿನಲ್ಲಿಯೇ ಹಾದುಹೋಗಿತ್ತು.

ಆ ಹೊತ್ತಿಗೆ ಊರಿನಲ್ಲಿ ದೊರೆಯುತ್ತಿದ್ದ ಬಂಡವಾಳವೆಂದರೆ ಸಾಹುಕಾರನ ಹಣ. ಮಳೆ ಕಡಿಮೆಯ ಈ ಸೀಮೆಯಲ್ಲಿ ಬಿತ್ತನೆಗೆ ಮುಂಗಡ ಕೊಟ್ಟು ಸುಗ್ಗಿಯಲ್ಲಿ ಬಡ್ಡಿಸಮೇತ ವಸೂಲು ಮಾಡುವ ಕ್ರಮಕ್ಕೆ ಅದು ಹೊಂದಿಕೊಂಡಿತ್ತು; ಒಂದು ಬೆಳೆಯ ಅವಧಿಯಲ್ಲಿ ಮರಳದ ಹಣವನ್ನು ಅದು ಕಷ್ಟದ ಹಣವೆಂದೇ ಎಣಿಸುತ್ತಿತ್ತು. ಯಂತ್ರವನ್ನು ತರಿಸಿ, ಕೆಲಸಗಾರರನ್ನು ಪಳಗಿಸಿ, ಸರಕಿಗೆ ಮಾರುಕಟ್ಟೆ ಕಂಡುಕೊಳ್ಳುವವರೆಗೆ ಮೂರು ನಾಲ್ಕು ವರ್ಷ ಕಾಯಬಲ್ಲ ಹಣ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಸಾಹುಕಾರನನ್ನು ಕೇವಲ ಲೋಭಿಯೆಂದು ಚಿತ್ರಿಸುವ ಬರಹಗಳು ಈ ರಚನೆಯ ಅಂಶವನ್ನು ಕಾಣುವುದಿಲ್ಲ: ಬರಗಾಲ ಮತ್ತೆಮತ್ತೆ ಬರುವ ನಾಡಿನಲ್ಲಿ ಸಣ್ಣ ಬಂಡವಾಳವು ದೀರ್ಘಕಾಲ ಕಾಯುವ ಧೈರ್ಯ ಮಾಡುವುದು ಕಷ್ಟವಾಗಿತ್ತು.

ಮದ್ರಾಸಿನಲ್ಲಿ ಈ ಕೊರತೆಯನ್ನು ಗುರುತಿಸಿ ಸರ್ಕಾರದ ಹಣದಿಂದಲೇ ಹೊಸ ಉದ್ದಿಮೆಗಳನ್ನು ಪ್ರಯೋಗಿಸಿ ನೋಡಿದವರಲ್ಲಿ ಎಂಜಿನಿಯರ್ ಆಲ್‌ಫ್ರೆಡ್ ಚಾಟರ್ಟನ್ ಪ್ರಮುಖರು. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಅವರು ಆರಂಭಿಸಿದ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯು ಕೆಲವೇ ವರ್ಷಗಳಲ್ಲಿ ಖಾಸಗಿ ಕಂಪನಿಯೊಂದಕ್ಕೆ ವರ್ಗವಾಗುವಷ್ಟು ಗಟ್ಟಿಯಾಯಿತು. ಕ್ರೋಮ್ ಹದಗಾರಿಕೆಯಲ್ಲಿಯೂ, ನೀರಾವರಿ ಬಾವಿಗಳಿಗೆ ಎಣ್ಣೆ ಯಂತ್ರದ ಪಂಪುಗಳನ್ನು ಅಳವಡಿಸುವುದರಲ್ಲಿಯೂ ಇದೇ ಮಾರ್ಗವನ್ನು ಅವರು ಅನುಸರಿಸಿದರು. ಮೊದಲ ನಷ್ಟದ ಭಯವನ್ನು ಸರ್ಕಾರ ಹೊತ್ತು, ದಾರಿ ಸ್ಪಷ್ಟವಾದ ಮೇಲೆ ಖಾಸಗಿಯವರಿಗೆ ಬಿಟ್ಟುಕೊಡುವುದು ಅದರ ತಿರುಳಾಗಿತ್ತು. ಆದರೆ ಖಾಸಗಿ ವ್ಯಾಪಾರಕ್ಕೆ ಸರ್ಕಾರವು ಪ್ರತಿಸ್ಪರ್ಧಿಯಾಗುತ್ತಿದೆ ಎಂದು ಯುರೋಪಿಯನ್ ವರ್ತಕರು ಆಕ್ಷೇಪಿಸಿದರು. 1910ರಲ್ಲಿ ಭಾರತ ಕಾರ್ಯದರ್ಶಿ ಜಾನ್ ಮಾರ್ಲಿ ಲಂಡನ್ನಿನಿಂದ ಕಳುಹಿಸಿದ ಆದೇಶವು, ಕೈಗಾರಿಕಾ ಶಿಕ್ಷಣಕ್ಕೆ ಸರ್ಕಾರದ ಹಣ ಬಳಸಬಹುದೇ ಹೊರತು ವಾಣಿಜ್ಯ ಉದ್ಯಮಗಳನ್ನು ನಡೆಸಲು ಬಳಸಕೂಡದೆಂದು ವಿಧಿಸಿ ಆ ಪ್ರಯೋಗಕ್ಕೆ ತಡೆಯೊಡ್ಡಿತು. 1912ರಲ್ಲಿ ಚಾಟರ್ಟನ್ ಮೈಸೂರಿನ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಗಡಿ ದಾಟಿದರು.

ಮೈಸೂರಿನಲ್ಲಿ ಅವರಿಗೆ ಸಿಕ್ಕಿದ್ದು ಬೇರೆಯೇ ವಾತಾವರಣ. 1911ರಲ್ಲಿ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನವು ಕೈಗಾರಿಕೆಯನ್ನು ಸಂಸ್ಥಾನದ ಹೊಣೆಯೆಂದು ಆಗಲೇ ಒಪ್ಪಿಕೊಂಡಿತ್ತು; ದಿವಾನ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರ ಅಕ್ಟೋಬರಿನಲ್ಲಿ ಮೈಸೂರು ಬ್ಯಾಂಕ್ ವ್ಯವಹಾರ ಆರಂಭಿಸಿತು. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಶ್ರೀಗಂಧದ ರಫ್ತು ನಿಂತುಹೋದಾಗ, ಕೊರಡನ್ನು ಮಾರುವ ಬದಲು ಎಣ್ಣೆಯನ್ನೇ ತೆಗೆದು ಮಾರುವ ಪ್ರಯೋಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ನಡೆದು, 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಯಾಯಿತು. ಅನಂತರದ ದಶಕಗಳಲ್ಲಿ, ಮುಖ್ಯವಾಗಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926ರಿಂದ 1941ರವರೆಗಿನ ಅವಧಿಯಲ್ಲಿ, ಸಂಸ್ಥಾನವು ತಾನೇ ಕಾರ್ಖಾನೆ ನಡೆಸುವುದರ ಜೊತೆಗೆ ಕಂಪನಿಗಳ ಷೇರುಗಳನ್ನು ಕೊಂಡು ಪಾಲುದಾರನಾಗುವ ಕ್ರಮವನ್ನೂ ಬೆಳೆಸಿತು. 1933ರ ಮಂಡ್ಯದ ಸಕ್ಕರೆ ಕಂಪನಿ ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಗಳು ಈ ಬಗೆಯವು. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಭಾರತದಲ್ಲಿ ವಿಮಾನ ಕಟ್ಟುವ ಯೋಜನೆ ಹಿಡಿದು ಬಂದಾಗ, ಭೂಮಿಯನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟು, 1940ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯಲ್ಲಿ ಮೈಸೂರು ಪಾಲುದಾರನಾಯಿತು. ಒಂದು ದೇಶೀಯ ಸಂಸ್ಥಾನವು ಯಾರೂ ಮಾಡಿ ನೋಡಿರದ ಉದ್ದಿಮೆಯೊಂದರಲ್ಲಿ, ಸಾಲಿಗನಾಗಿ ಅಲ್ಲ, ಷೇರುದಾರನಾಗಿ ಹಣ ತೊಡಗಿಸಿದ ಈ ನಿರ್ಧಾರವು ನಂತರದ ಸಾಹಸೋದ್ಯಮ ಬಂಡವಾಳದ ತತ್ತ್ವವನ್ನು ಅರ್ಧ ಶತಮಾನ ಮುಂಚೆಯೇ ಆಚರಣೆಗೆ ತಂದಿತ್ತೆಂದು ಹೇಳುವುದು ಅತಿಶಯೋಕ್ತಿಯಾಗದು.

ಇತ್ತ ಮದ್ರಾಸ್ ಪ್ರಾಂತ್ಯವು ಶಾಸನದ ಮಾರ್ಗ ಹಿಡಿಯಿತು. 1916ರಿಂದ 1918ರವರೆಗೆ ಕೆಲಸ ಮಾಡಿದ ಭಾರತೀಯ ಕೈಗಾರಿಕಾ ಆಯೋಗವು ಸರ್ಕಾರದ ನೆರವನ್ನು ಸಮರ್ಥಿಸಿದ ಮೇಲೆ, ಕೈಗಾರಿಕೆ ಪ್ರಾಂತ್ಯಗಳಿಗೆ ವರ್ಗವಾದ ವಿಷಯವಾಯಿತು. ಮದ್ರಾಸ್ ಶಾಸನಸಭೆಯು ಕೈಗಾರಿಕೆಗಳಿಗೆ ಸರ್ಕಾರಿ ನೆರವಿನ 1922ರ ಕಾಯ್ದೆಯನ್ನು ರೂಪಿಸಿತು. ಭಾರತದಲ್ಲಿ ಈ ಬಗೆಯ ಕಾಯ್ದೆಗಳಲ್ಲಿ ಅದೇ ಮೊದಲನೆಯದು. ಹೊಸ ಅಥವಾ ಎಳೆಯ ಕೈಗಾರಿಕೆಗಳು, ಅಂಥ ಕೈಗಾರಿಕೆ ಬೆಳೆಯದ ಪ್ರದೇಶಗಳಲ್ಲಿ ಹೊಸದಾಗಿ ಸ್ಥಾಪಿಸುವ ಘಟಕಗಳು ಮತ್ತು ಗುಡಿಕೈಗಾರಿಕೆಗಳು ನೆರವಿಗೆ ಅರ್ಹವೆಂದು ಅದು ಹೇಳಿತು. ಸಾಲ, ಬ್ಯಾಂಕಿನ ಸಾಲಕ್ಕೆ ಸರ್ಕಾರದ ಜಾಮೀನು, ಷೇರು ಮತ್ತು ಡಿಬೆಂಚರ್‌ಗಳ ಖರೀದಿ, ಅಂದರೆ ಕಂಪನಿಯು ನಿಗದಿತ ಬಡ್ಡಿಗೆ ಹೊರಡಿಸುವ ಸಾಲಪತ್ರಗಳ ಖರೀದಿ, ಇವೆಲ್ಲವೂ ಅದರ ವ್ಯಾಪ್ತಿಯಲ್ಲಿದ್ದವು. ಕಾಗದದ ಮೇಲೆ ನೋಡಿದರೆ ರಾಯದುರ್ಗದಂಥ ಹಿಂದುಳಿದ ತಾಲ್ಲೂಕಿಗಾಗಿಯೇ ಬರೆದ ಕಾಯ್ದೆ ಅದು. ಆದರೆ ಕೊಡುವ ಸಾಲವು ಉದ್ದಿಮೆಯ ಆಸ್ತಿಯ ನಿವ್ವಳ ಮೌಲ್ಯದ ಅರ್ಧವನ್ನು ಮೀರಬಾರದೆಂಬ ನಿಯಮವನ್ನೂ ಅದು ಹೊಂದಿತ್ತು. ಆಸ್ತಿಯಿಲ್ಲದ ಕಾರಣಕ್ಕೇ ಸಾಲ ಬೇಕಾದವನಿಗೆ ಆಸ್ತಿಯನ್ನು ಆಧಾರವಾಗಿ ಕೇಳುವ ಈ ವಿರೋಧಾಭಾಸವು ಮುಂದಿನ ಹಲವು ದಶಕಗಳ ಕೈಗಾರಿಕಾ ಸಾಲ ವ್ಯವಸ್ಥೆಗಳನ್ನೂ ಕಾಡಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ರಾಜ್ಯಕ್ಕೆ ಹೋಗಿ, ಉಳಿದ ಭಾಗ ಮೈಸೂರಿಗೆ ಸೇರಿತು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಜೋಡಿಸಲಾಯಿತು. ಇದರ ಭಾಷಿಕ ಪರಿಣಾಮಗಳ ಕುರಿತು ಬಹಳಷ್ಟು ಚರ್ಚೆಯಾಗಿದೆ. ಬಂಡವಾಳದ ದೃಷ್ಟಿಯಿಂದ ಆದ ಪರಿಣಾಮದ ಕಡೆಗೆ ಅಷ್ಟು ಗಮನ ಹೋಗಿಲ್ಲ. ವ್ಯಾಪಾರ ಮತ್ತು ನೆಂಟಸ್ತಿಕೆಗಳ ದಾರಿ ಬಳ್ಳಾರಿಯ ಕಡೆಗೇ ಉಳಿಯಿತು, ಸರ್ಕಾರದ ಸಾಲ ಮತ್ತು ಸಹಾಯಧನಗಳ ದಾರಿ ಮಾತ್ರ ಅನಂತಪುರ, ಕರ್ನೂಲು, ಅನಂತರ ಹೈದರಾಬಾದಿನ ಕಡೆಗೆ ತಿರುಗಿತು. 1951ರ ರಾಜ್ಯ ಹಣಕಾಸು ನಿಗಮಗಳ ಕಾಯ್ದೆಯಡಿ ಆಂಧ್ರದಲ್ಲಿ 1956ರಲ್ಲಿಯೂ ಮೈಸೂರಿನಲ್ಲಿ 1959ರಲ್ಲಿಯೂ ನಿಗಮಗಳು ಹುಟ್ಟಿದವಾದರೂ, ಎರಡೂ ಕಡೆ ಅಡಮಾನವೇ ಸಾಲದ ಮೂಲಾಧಾರವಾಗಿ ಮುಂದುವರಿಯಿತು.

ಈ ಸೀಮೆಗೆ ಹೆಚ್ಚು ನೇರವಾಗಿ ತಲುಪಿದ ಹಣ ಕರಾವಳಿಯಿಂದ ಬಂತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವ ಉದ್ದೇಶದಿಂದ 8,000 ರೂಪಾಯಿ ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿಯು ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಕೂಡಿಸುವ ಯೋಜನೆ. ಪ್ರತಿದಿನ ಹಣ ಕಟ್ಟುವವನ ವ್ಯವಹಾರ ಹೇಗಿದೆಯೆಂಬುದು ಬ್ಯಾಂಕಿಗೆ ಪ್ರತಿದಿನ ತಿಳಿಯುತ್ತಿತ್ತು. ಆ ತಿಳಿವಳಿಕೆಯು ಅಡಮಾನದ ಕೊರತೆಯನ್ನು ಒಂದಷ್ಟು ತುಂಬಿಕೊಟ್ಟಿತು. ಗಿರಾಕಿಯ ಹತ್ತಿರವಿರುವುದೇ ಅಪಾಯವನ್ನು ಕಡಿಮೆ ಮಾಡುವ ಉಪಾಯವೆಂದು ಇಷ್ಟು ಸರಳವಾಗಿ ತೋರಿಸಿಕೊಟ್ಟ ಯೋಜನೆ ಭಾರತದ ಬ್ಯಾಂಕಿಂಗ್ ಚರಿತ್ರೆಯಲ್ಲಿ ವಿರಳ. 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಒಂದಾದ ಸಿಂಡಿಕೇಟ್ ಬ್ಯಾಂಕು, 1970ರ ದಶಕದ ಕೊನೆಗೆ ಅನಂತಪುರ ಜಿಲ್ಲೆಗಾಗಿ ಶ್ರೀ ಅನಂತ ಗ್ರಾಮೀಣ ಬ್ಯಾಂಕಿನ ಪ್ರಾಯೋಜಕನಾಯಿತು. ಉಡುಪಿಯ ನೇಕಾರರಿಗಾಗಿ ಹುಟ್ಟಿದ ಸಂಸ್ಥೆಯೊಂದರ ಕವಲು ಹೀಗೆ ವೇದಾವತಿಯ ದಂಡೆಯ ಜಿಲ್ಲೆಗೂ ಬಂತು. ಆದರೆ ಗ್ರಾಮೀಣ ಬ್ಯಾಂಕಿನ ಹಣ ಬಹುಪಾಲು ಬೆಳೆಸಾಲವಾಗಿ ಹರಿಯಿತು. ಶೇಂಗಾ ಬೆಳೆ ಕೈಕೊಟ್ಟ ವರ್ಷಗಳಲ್ಲಿ ಅದು ಬಾಕಿಯಾಗಿ ನಿಂತಿತು.

ಅಡಮಾನದ ಸರಪಳಿಯನ್ನು ತತ್ತ್ವದಲ್ಲಿ ಮುರಿದದ್ದು 1988ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವೆಂಚರ್ ಕ್ಯಾಪಿಟಲ್ ಮಾರ್ಗಸೂಚಿಗಳು. ವೆಂಚರ್ ಕ್ಯಾಪಿಟಲ್ ಅಥವಾ ಸಾಹಸೋದ್ಯಮ ಬಂಡವಾಳವೆಂದರೆ, ಹೂಡಿಕೆದಾರನು ಬಡ್ಡಿಯನ್ನಾಗಲಿ ಅಡಮಾನವನ್ನಾಗಲಿ ಕೇಳದೆ ಹೊಸ ಕಂಪನಿಯ ಷೇರುಗಳನ್ನು ಕೊಂಡು, ಅದು ಬೆಳೆದ ಮೇಲೆ ಆ ಷೇರುಗಳನ್ನು ಮಾರಿ ಲಾಭ ಪಡೆಯುವ ಕ್ರಮ. ಹಲವು ಕಂಪನಿಗಳಲ್ಲಿ ತೊಡಗಿಸಿದ ಹಣದಲ್ಲಿ ಹೆಚ್ಚಿನದು ಮುಳುಗಿದರೂ ಒಂದೆರಡು ಕಂಪನಿಗಳ ಅಸಾಧಾರಣ ಬೆಳವಣಿಗೆಯು ಆ ನಷ್ಟವನ್ನೆಲ್ಲ ತುಂಬಿಕೊಡಬೇಕೆಂಬುದು ಅದರ ಲೆಕ್ಕಾಚಾರ. ವಿಶ್ವಬ್ಯಾಂಕಿನ ನೆರವಿನಿಂದ ಬೆಂಗಳೂರಿನಲ್ಲಿ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಸೇರಿ ಸ್ಥಾಪಿಸಿದ ಟಿಡಿಐಸಿಐ, ಕೆನರಾ ಬ್ಯಾಂಕಿನ ಕ್ಯಾನ್‌ಬ್ಯಾಂಕ್ ವೆಂಚರ್ ನಿಧಿ, ಹೈದರಾಬಾದಿನಲ್ಲಿ ಆಂಧ್ರದ ಕೈಗಾರಿಕಾಭಿವೃದ್ಧಿ ನಿಗಮದ ಎಪಿಐಡಿಸಿ ವೆಂಚರ್ ಕ್ಯಾಪಿಟಲ್, ಗುಜರಾತಿನ ಇಂಥದೇ ಸಂಸ್ಥೆ, ಇವು ಈ ಮಾರ್ಗದ ಮೊದಲ ಸಂಸ್ಥೆಗಳು. 1978ರಲ್ಲಿ 10,000 ರೂಪಾಯಿಗಳೊಂದಿಗೆ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದ ಕಿರಣ್ ಮಜುಂದಾರ್ ಅವರು ಬ್ಯಾಂಕುಗಳಿಂದ ಸಾಲ ಪಡೆಯಲು ಬಹಳ ಕಷ್ಟಪಟ್ಟಿದ್ದರು. ಕಿಣ್ವಗಳ ತಯಾರಿಕೆಯಲ್ಲಿ ತಮ್ಮದೇ ತಂತ್ರವನ್ನು ದೊಡ್ಡ ಪ್ರಮಾಣಕ್ಕೆ ಒಯ್ಯಲು ಅವರಿಗೆ 1989ರಲ್ಲಿ ಒದಗಿದ್ದು ಐಸಿಐಸಿಐ ಅಧ್ಯಕ್ಷರಾಗಿದ್ದ ಎನ್. ವಾಘುಲ್ ಅವರು ಬೆಂಬಲಿಸಿದ ಸಾಹಸೋದ್ಯಮ ಬಂಡವಾಳ. 1981ರಲ್ಲಿ 10,000 ರೂಪಾಯಿಗಳಿಂದ ಹುಟ್ಟಿದ ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ತಲಾ 95 ರೂಪಾಯಿಗೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಾಗ ಸಾಕಷ್ಟು ಕೊಳ್ಳುವವರಿರಲಿಲ್ಲ. ಮಾರ್ಗನ್ ಸ್ಟಾನ್ಲಿ ಸಂಸ್ಥೆ ಶೇಕಡಾ 13ರಷ್ಟು ಪಾಲನ್ನು ಕೊಂಡು ಆ ಷೇರು ನೀಡಿಕೆಯನ್ನು ಉಳಿಸಿತು.

ಇಂಥ ಕಂಪನಿಗಳು ಸೃಷ್ಟಿಸಿದ ಸಂಪತ್ತು 2000ದ ನಂತರ ಮತ್ತೆ ಹೊಸ ಕಂಪನಿಗಳಿಗೆ ಹೂಡಿಕೆಯಾಗಿ ಮರಳತೊಡಗಿತು. ತಮ್ಮ ಸ್ವಂತ ಹಣವನ್ನು ಆರಂಭದ ಹಂತದಲ್ಲಿಯೇ ತೊಡಗಿಸುವವರನ್ನು ಏಂಜೆಲ್ ಹೂಡಿಕೆದಾರರೆಂದು ಕರೆಯುತ್ತಾರೆ. ಜೊತೆಗೆ ಅಮೆರಿಕದ ನಿಧಿಗಳು ಬಂದವು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಆರಂಭಿಸಿದ ಫ್ಲಿಪ್‌ಕಾರ್ಟ್‌ಗೆ 2009ರಲ್ಲಿ ಆಕ್ಸೆಲ್ ಸಂಸ್ಥೆಯಿಂದ 10 ಲಕ್ಷ ಡಾಲರ್ ದೊರೆಯಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಅದರ ಶೇಕಡಾ 77ರಷ್ಟು ಪಾಲನ್ನು ಕೊಂಡಿತು. ಅಷ್ಟರಲ್ಲಿ ಅದರ ಮಾತೃಸಂಸ್ಥೆ ಸಿಂಗಾಪುರದಲ್ಲಿ ನೋಂದಣಿಯಾಗಿತ್ತು.

ಸಾಹಸೋದ್ಯಮ ಬಂಡವಾಳವು ಆಂಧ್ರದ ಹಳ್ಳಿಗಳಿಗೆ ಬರಲೇ ಇಲ್ಲವೆಂಬ ಅಭಿಪ್ರಾಯವಿದೆ. ಅದು ಪೂರ್ಣ ಸತ್ಯವಲ್ಲ. ಅದು ಬಂತು, ಆದರೆ ಹಳ್ಳಿಯ ಉದ್ದಿಮೆಯಲ್ಲಿ ಪಾಲು ಪಡೆಯಲು ಅಲ್ಲ, ಹಳ್ಳಿಗೆ ಸಾಲ ಕೊಡುವ ಕಂಪನಿಗಳಲ್ಲಿ ಪಾಲು ಪಡೆಯಲು ಬಂತು. ಇದರ ಹಿನ್ನೆಲೆ ಕರ್ನಾಟಕದಲ್ಲಿದೆ: 1980ರ ದಶಕದಲ್ಲಿ ಮೈರಾಡ ಸಂಸ್ಥೆ ರೂಪಿಸಿದ ಸ್ವಸಹಾಯ ಗುಂಪುಗಳಲ್ಲಿ ಹೆಂಗಸರು ತಮ್ಮ ಉಳಿತಾಯವನ್ನು ತಾವೇ ಕೂಡಿಸಿ, ತಮ್ಮೊಳಗೆ ಸಾಲ ಕೊಟ್ಟುಕೊಂಡು, ಒಬ್ಬರಿಗೊಬ್ಬರು ಹೊಣೆಯಾಗುತ್ತಿದ್ದರು. ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು; ಆಂಧ್ರದಲ್ಲಿ 2000ದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಆರಂಭವಾದ, ಬಡತನ ನಿವಾರಣೆಯ ವೆಲುಗು ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಅನಂತಪುರವೂ ಇತ್ತು. ಪರಸ್ಪರ ಹೊಣೆಯ ಈ ತತ್ತ್ವವನ್ನು ಲಾಭದ ವ್ಯವಹಾರವಾಗಿಸಿದವು ಕಿರುಸಾಲ ಕಂಪನಿಗಳು. ಆಂಧ್ರದಲ್ಲಿಯೇ ಸ್ವಯಂಸೇವಾ ಸಂಸ್ಥೆಯಾಗಿ ಹುಟ್ಟಿದ ಎಸ್‌ಕೆಎಸ್, ಕಂಪನಿಯಾಗಿ ಮಾರ್ಪಟ್ಟು, ಸಿಕೋಯಾದಂಥ ನಿಧಿಗಳ ಹೂಡಿಕೆ ಪಡೆದು, 2010ರ ಆಗಸ್ಟಿನಲ್ಲಿ ಷೇರುಪೇಟೆಗೆ ಬಂತು. ಎರಡೇ ತಿಂಗಳಲ್ಲಿ, ಒಬ್ಬರೇ ಸಾಲಗಾರರಿಗೆ ಹಲವು ಕಂಪನಿಗಳು ಸಾಲದ ಮೇಲೆ ಸಾಲ ಕೊಟ್ಟು ವಾರವಾರ ಒತ್ತಾಯದಿಂದ ವಸೂಲು ಮಾಡುತ್ತಿವೆ ಎಂಬ ದೂರುಗಳ, ಆತ್ಮಹತ್ಯೆಯ ವರದಿಗಳ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಪ್ರತಿ ಜಿಲ್ಲೆಯಲ್ಲಿ ನೋಂದಣಿ ಕಡ್ಡಾಯವಾಯಿತು, ವಾರದ ಕಂತು ಹೋಗಿ ತಿಂಗಳ ಕಂತು ಬಂತು, ಸಾಲ ಮರುಪಾವತಿ ಬಹುತೇಕ ನಿಂತುಹೋಯಿತು.

ಬೆಳವಣಿಗೆಯ ವೇಗವನ್ನೇ ಲಾಭದ ಮೂಲವಾಗಿ ಎಣಿಸುವ ಬಂಡವಾಳವು, ನಿಧಾನವಾಗಿ ಕೂಡುವ ಪರಸ್ಪರ ನಂಬಿಕೆಯ ಮೇಲೆ ನಿಂತ ವ್ಯವಸ್ಥೆಗೆ ಹೊಂದುವುದಿಲ್ಲವೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ದಕ್ಷಿಣ ಭಾರತದಲ್ಲಿ ಮತ್ತೊಂದಿಲ್ಲ. ಸುಗ್ರೀವಾಜ್ಞೆಯ ಅಧಿಕಾರ ರಾಜ್ಯದ ಗಡಿಗೆ ನಿಂತದ್ದರಿಂದ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡ, ಶಿರಾಗಳು ಆ ಕಾನೂನಿನ ಹೊರಗೆ ಉಳಿದವು, ರಾಯದುರ್ಗ ಮತ್ತು ಮಡಕಶಿರಾ ಒಳಗೆ ಬಂದವು. ಒಂದೇ ಭಾಷೆಯ, ಒಂದೇ ಸಂತೆಗಳಿಗೆ ಹೋಗುವ ಜನರ ನಡುವೆ ಸಾಲದ ಎರಡು ವ್ಯವಸ್ಥೆಗಳಾದವು. ಕಂಪನಿಗಳು ಹಿಂದೆ ಸರಿದ ಜಾಗವನ್ನು ತುಂಬಲು 2011ರಲ್ಲಿ ಸ್ತ್ರೀನಿಧಿ ಎಂಬ ಸಹಕಾರಿ ಸಂಸ್ಥೆ ರಚನೆಯಾಯಿತು. ಸ್ವಸಹಾಯ ಗುಂಪುಗಳ ಒಕ್ಕೂಟಗಳು ಅದರಲ್ಲಿ ಷೇರುದಾರರು ಎಂಬುದು ಗಮನಿಸಬೇಕಾದ ಅಂಶ.

ಸರ್ಕಾರಗಳು ನವೋದ್ಯಮವೆಂಬ ಹೆಸರಿನಲ್ಲಿಯೇ ನೀತಿಗಳನ್ನು ರೂಪಿಸತೊಡಗಿದ್ದು ಇದರ ನಂತರ. ಕರ್ನಾಟಕ 2015ರಲ್ಲಿ ನವೋದ್ಯಮ ನೀತಿಯನ್ನು ಪ್ರಕಟಿಸಿತು. 2017ರಿಂದ ಎಲಿವೇಟ್ ಯೋಜನೆಯ ಮೂಲಕ ಆಯ್ದ ಕಂಪನಿಗಳಿಗೆ 50 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡತೊಡಗಿತು. 2016ರ ಜನವರಿ 16ರಂದು ಆರಂಭವಾದ ಸ್ಟಾರ್ಟಪ್ ಇಂಡಿಯಾ ಕಾರ್ಯಕ್ರಮದಡಿ, ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ನಿರ್ವಹಿಸುವ 10,000 ಕೋಟಿ ರೂಪಾಯಿಯ ನಿಧಿಯು ಕಂಪನಿಗಳಿಗೆ ನೇರವಾಗಿ ಹಣ ಕೊಡದೆ, ಕಂಪನಿಗಳಲ್ಲಿ ಹೂಡುವ ನಿಧಿಗಳಿಗೆ ಕೊಡುತ್ತದೆ. 2012ರಲ್ಲಿ ಜಾರಿಗೆ ಬಂದಿದ್ದ ಏಂಜೆಲ್ ತೆರಿಗೆಯು, ಅಂದರೆ ಷೇರಿನ ನ್ಯಾಯಬೆಲೆಗಿಂತ ಹೆಚ್ಚಾಗಿ ಬಂದ ಹೂಡಿಕೆಯನ್ನು ಕಂಪನಿಯ ಆದಾಯವೆಂದೇ ಎಣಿಸಿ ಹಾಕುತ್ತಿದ್ದ ತೆರಿಗೆಯು, 2024ರ ಬಜೆಟ್ಟಿನಲ್ಲಿ ರದ್ದಾಯಿತು. 2021ರಲ್ಲಿ ದೇಶದ 40ಕ್ಕೂ ಹೆಚ್ಚು ಕಂಪನಿಗಳು ಯೂನಿಕಾರ್ನ್ ಎನಿಸಿಕೊಂಡವು, ಎಂದರೆ 100 ಕೋಟಿ ಡಾಲರ್ ಮೌಲ್ಯ ದಾಟಿದವು. ಮುಂದಿನ ಎರಡು ವರ್ಷಗಳಲ್ಲಿ ಜಾಗತಿಕ ಬಡ್ಡಿದರಗಳು ಏರಿದಂತೆ ಹೂಡಿಕೆ ತೀವ್ರವಾಗಿ ಕುಸಿಯಿತು. 2021ರಲ್ಲಿಯೇ ಬಂದ 945 ಕೋಟಿ ರೂಪಾಯಿಯ ಬೀಜನಿಧಿ ಯೋಜನೆಯು ಮಾದರಿ ತಯಾರಿಕೆಗೆ 20 ಲಕ್ಷದವರೆಗೆ ಅನುದಾನವನ್ನು ಇನ್‌ಕ್ಯುಬೇಟರ್‌ಗಳ ಮೂಲಕ, ಅಂದರೆ ಎಳೆಯ ಕಂಪನಿಗಳಿಗೆ ಜಾಗ, ಸಲಹೆ ಮತ್ತು ಸಂಪರ್ಕಗಳನ್ನು ಒದಗಿಸುವ ಕೇಂದ್ರಗಳ ಮೂಲಕ, ಹಂಚುತ್ತದೆ. ಇನ್‌ಕ್ಯುಬೇಟರ್ ಇಲ್ಲದ ಊರಿಗೆ ಅದು ತಾನಾಗಿ ತಲುಪುವಂತಿಲ್ಲ. ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನವು ಹುಬ್ಬಳ್ಳಿಯಲ್ಲಿ ಅಂಥ ಕೇಂದ್ರವನ್ನು ಕಟ್ಟಿ, ಬೆಂಗಳೂರಿನ ಹೊರಗೂ ಈ ಕೆಲಸ ಸಾಧ್ಯವೆಂದು ತೋರಿಸಿದೆ. ಬಳ್ಳಾರಿ, ರಾಯದುರ್ಗಗಳ ಸೀಮೆಗೆ ಆ ಪ್ರಮಾಣದ ಕೇಂದ್ರ ಬರಬೇಕಾದದ್ದು ಇನ್ನೂ ಬಾಕಿಯಿದೆ.

ರಾಯದುರ್ಗದಲ್ಲಿ ಉದ್ಯಮಶೀಲತೆಯ ಕೊರತೆಯಿದೆ ಎಂದು ಇದರಿಂದ ತಿಳಿಯಬಾರದು. ರೇಷ್ಮೆ ನೇಯ್ಗೆಯ ಊರಾದ ಅದು ಬಳ್ಳಾರಿಯ ಜೊತೆಗೆ ಜೀನ್ಸ್ ಹೊಲಿಗೆಗೂ ಹೆಸರಾಗಿದೆ. ಬಟ್ಟೆಯನ್ನು ವ್ಯಾಪಾರಿ ಕೊಟ್ಟು ಹೊಲಿಗೆಯ ಕೂಲಿಯನ್ನು ಘಟಕ ಪಡೆಯುವ ಕ್ರಮದಲ್ಲಿ ಮೊದಲ ಬಂಡವಾಳವು ಬಟ್ಟೆಯ ರೂಪದಲ್ಲಿ ಬರುತ್ತದೆ. ಅದು ಅಡಮಾನ ಕೇಳುವುದಿಲ್ಲ, ಆದರೆ ಲಾಭದ ದೊಡ್ಡ ಪಾಲು ಬಟ್ಟೆ ಕೊಟ್ಟವನ ಕಡೆಗೆ ಹೋಗುತ್ತದೆ. ಸ್ವಂತ ಹೆಸರಿನ ಉಡುಪನ್ನು ಮಾರುಕಟ್ಟೆಗೆ ತರಲು ಬಯಸುವ ಘಟಕಕ್ಕೆ ಇಂದು ದೊರೆಯುವುದು 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಅಡಮಾನರಹಿತ ಸಾಲ. ಅದು ಉಪಕಾರಿಯೇ ಹೌದು. ಆದರೆ ಸಾಲವು ಬೇಗನೆ ಕಂತು ಕೇಳತೊಡಗುತ್ತದೆ, ನಷ್ಟದಲ್ಲಿ ಪಾಲು ಹೊರುವುದಿಲ್ಲ. ಆರು ಪಟ್ಟು, ಹತ್ತು ಪಟ್ಟು ಬೆಳೆಯಬೇಕೆಂದು ಕೇಳುವ ವೆಂಚರ್ ನಿಧಿಗೆ ಈ ಘಟಕಗಳು ತೀರ ಚಿಕ್ಕವು. ಇವೆರಡರ ನಡುವೆ ಇರಬೇಕಾಗಿದ್ದ ತಾಳ್ಮೆಯ ಪಾಲುಬಂಡವಾಳವೇ ಮೈಸೂರು ಸಂಸ್ಥಾನವು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು. ಸಣ್ಣ ಪ್ರಮಾಣದಲ್ಲಿ ಅದನ್ನು ತಾಲ್ಲೂಕಿನ ಮಟ್ಟದಲ್ಲಿ ಮಾಡುವ ಸಂಸ್ಥೆಯನ್ನು ಮದ್ರಾಸ್ ಆಗಲಿ, ಆಂಧ್ರವಾಗಲಿ, ಕರ್ನಾಟಕವಾಗಲಿ ಕಟ್ಟಲಿಲ್ಲ.

ಸಂಸ್ಥೆಗಳು ಈ ನಡುವೆ ಮತ್ತೆ ಜಾಗ ಬದಲಿಸಿವೆ. ಶ್ರೀ ಅನಂತ ಗ್ರಾಮೀಣ ಬ್ಯಾಂಕು 2006ರಲ್ಲಿ ಕಡಪದ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಅದರ ಪ್ರಾಯೋಜಕ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಕರಗಿತು. 2025ರ ಮೇ 1ರಂದು ಆಂಧ್ರದ ಎಲ್ಲ ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಅವುಗಳ ಪ್ರಧಾನ ಕಚೇರಿ ಅಮರಾವತಿಗೆ ಹೋಯಿತು. ಆಡಳಿತದ ಗೆರೆಗಳೂ ಸರಿದು, ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. 2025ರ ಆಗಸ್ಟಿನಲ್ಲಿ ಆರಂಭವಾದ ರತನ್ ಟಾಟಾ ಇನ್ನೊವೇಶನ್ ಹಬ್‌ನ ಒಂದು ಪ್ರಾದೇಶಿಕ ಕೇಂದ್ರ ಅನಂತಪುರಕ್ಕೆ ದೊರೆತಿದೆ. ರಾಯದುರ್ಗದಿಂದ ಅನಂತಪುರವು ಬಳ್ಳಾರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೂರವಾದರೂ, ನವೋದ್ಯಮಕ್ಕೆ ಮೀಸಲಾದ ಕೇಂದ್ರವೊಂದು ಜಿಲ್ಲೆಯೊಳಗೆ ಬಂದಿರುವುದು ಸ್ವಾಗತಾರ್ಹ. ಅದರ ಬಾಗಿಲು ತಟ್ಟುವ ಹೊಲಿಗೆ ಘಟಕದ ಮಾಲೀಕರು ಕೇಂದ್ರ ಸರ್ಕಾರದ ನವೋದ್ಯಮ ಮಾನ್ಯತೆಯನ್ನೂ ಪಡೆಯಬೇಕೆಂದಿದ್ದರೆ, ಏಕವ್ಯಕ್ತಿ ಮಾಲೀಕತ್ವದ ಘಟಕಗಳಿಗೆ ಆ ಮಾನ್ಯತೆ ಇಲ್ಲದಿರುವುದರಿಂದ, ತಮ್ಮ ಹೊಸ ಉದ್ದಿಮೆಯನ್ನು ಕಂಪನಿಯಾಗಿಯೋ ನೋಂದಾಯಿತ ಪಾಲುದಾರಿಕೆಯಾಗಿಯೋ ಸ್ಥಾಪಿಸಬೇಕು.